ಕಾಣೆಯಾಗಿದ್ದ ಬಿಫಿಡೋಬ್ಯಾಕ್ಟೀರಿಯಂ ಸಿಕ್ಕಿದ್ದು ಹೀಗೆ

ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಎಂದು ತಿಳಿಯಲು, ಮಾದರಿಗಳ ಡಿಎನ್ಎಯನ್ನು ಎರಡು ರೀತಿಯಲ್ಲಿ ಓದಿಸಿದ್ದೆ. ಒಂದು 16ಎಸ್ ವಿಧಾನ, ಅಂದರೆ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ 16ಎಸ್ ಎಂಬ ಒಂದೇ ಜೀನನ್ನು ಓದುವುದು. ಇನ್ನೊಂದು ಶಾಟ್‌ಗನ್, ಅಂದರೆ ಮಾದರಿಯಲ್ಲಿರುವ ಎಲ್ಲ ಡಿಎನ್ಎಯನ್ನೂ ಓದುವುದು. ಶಾಟ್‌ಗನ್‌ನಲ್ಲಿ ಬಿಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿತ್ತು. 16ಎಸ್‌ನಲ್ಲಿ ಹುಡುಕಿದರೂ ಸಿಗಲಿಲ್ಲ. ಇಂಥ ಮಕ್ಕಳ ಕರುಳಿನಲ್ಲಿ ಅದೇ ಜಾಸ್ತಿ ಇರಬೇಕು, ಅಲ್ವಾ?

ಮೊದಲು ಡಿಎನ್ಎ ತೆಗೆದ ರೀತಿಯ ಮೇಲೆ ಅನುಮಾನ ಬಂತು. ಈ ಬ್ಯಾಕ್ಟೀರಿಯಾದ ಗೋಡೆ ಗಟ್ಟಿ, ಸರಿಯಾಗಿ ಒಡೆಯದಿದ್ದರೆ ಡಿಎನ್ಎ ಹೊರಗೆ ಬರುವುದಿಲ್ಲ. ಆದರೆ ಎರಡಕ್ಕೂ ಬಳಸಿದ್ದು ಒಂದೇ ಟ್ಯೂಬಿನ ಡಿಎನ್ಎ! ಹಾಗಾಗಿ ತಪ್ಪು ಅಲ್ಲಿರಲಿಲ್ಲ.

ಆಮೇಲೆ ಪ್ರೈಮರ್ ನೋಡಿದೆ, ಅಂದರೆ 16ಎಸ್ ಜೀನಿಗೆ ಅಂಟಿಕೊಂಡು ಅದರ ನಕಲು ಶುರು ಮಾಡಿಸುವ ಪುಟ್ಟ ಡಿಎನ್ಎ ತುಣುಕು. ನಾನು ಬಳಸಿದ್ದು 27ಎಫ್, 20 ಅಕ್ಷರದ ಪ್ರೈಮರ್. ಬಿಫಿಡೋಬ್ಯಾಕ್ಟೀರಿಯಂನ 16ಎಸ್ ಜೀನ್ ಪಕ್ಕದಲ್ಲಿಟ್ಟು ಹೋಲಿಸಿದರೆ ಮೂರು ಅಕ್ಷರ ಹೊಂದುವುದೇ ಇಲ್ಲ. ಡಿಎನ್ಎ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಪ್ರಕ್ರಿಯೆಯ ಪ್ರತಿ ಸುತ್ತಿನಲ್ಲೂ ಬೇರೆಯವು ಹೆಚ್ಚುತ್ತಾ ಹೋದವು, ಇದು ಹಿಂದೆಯೇ ಉಳಿಯಿತು. ಶಾಟ್‌ಗನ್‌ನಲ್ಲಿ ಒಂದೇ ಜೀನನ್ನು ಹಿಡಿಯುವ ಇಂಥ ಪ್ರೈಮರ್ ಇಲ್ಲ, ಅದಕ್ಕೇ ಅಲ್ಲಿ ಕಂಡಿತು.

ಬಿಫಿಡೋಬ್ಯಾಕ್ಟೀರಿಯಂಗೆ ಹೊಂದುವ ಪ್ರೈಮರನ್ನೂ ಬೆರೆಸಿದ 27ಎಫ್ ಮಿಶ್ರಣ ತರಿಸಿ ಮತ್ತೆ ಓದಿಸಿದೆ. ಬಂತು! ಎಷ್ಟು ಖುಷಿಯಾಯಿತು ಅಂದರೆ, ಆ ಗ್ರಾಫನ್ನು ಮತ್ತೆ ಮತ್ತೆ ತೆರೆದು ನೋಡಿದೆ.

ಎರಡು ವಿಧಾನಗಳ ಅಂಕಿಗಳು ಈಗಲೂ ಪೂರ್ತಿ ಹೊಂದುವುದಿಲ್ಲ. ಇ. ಕೋಲೈ ಒಂದರಲ್ಲೇ 16ಎಸ್ ಜೀನ್ 7 ಪ್ರತಿ ಇರುತ್ತದೆ, ಬೇರೆ ಬ್ಯಾಕ್ಟೀರಿಯಾದಲ್ಲಿ ಬೇರೆ ಲೆಕ್ಕ. ಹಾಗಾಗಿ ಶೇಕಡಾವಾರು ಅಂಕಿಗಳನ್ನು ಸುಮ್ನೆ ಅಕ್ಕಪಕ್ಕ ಇಟ್ಟು ಹೋಲಿಸುವುದನ್ನು ಬಿಟ್ಟಿದ್ದೇನೆ.