ತೊಲೆ ಮರದ ಗಿಟಾರು: ಐದು ಸಾವಿರದೊಳಗೆ ತುಮಕೂರಲ್ಲೇ ಮಾಡ್ಕೊಂಡಿದ್ದು

ಕಮ್ಮಿ ದುಡ್ಡಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡ್ಕೋಬೇಕು ಅಂತ ಹೊರಡೋರು ಮೊದಲು ಕೇಳೋದೇ ಯಾವ ಮರ ಹಾಕ್ಲಿ, ಯಾವ ಪಿಕಪ್ (ತಂತಿ ಅಲ್ಲಾಟಾನ ಕರೆಂಟ್ ಮಾಡೋ ಭಾಗ) ಹಾಕ್ಲಿ ಅಂತ. ನನ್ನ ಪ್ರಕಾರ ಅದು ಕೊನೇಲಿ ಕೇಳೋ ಪ್ರಶ್ನೆ. ಮೊದಲು ಕೇಳ್ಬೇಕಾಗಿರೋದು ನೆಕ್ಕು, ಅಂದ್ರೆ ಗಿಟಾರಿನ ಉದ್ದನೆ ಕುತ್ತಿಗೆ, ಎಲ್ಲಿಂದ ತರೋದು ಅಂತ. ಬೆರಳು ಓಡಾಡೋದು ನೆಕ್ ಮೇಲೆ, ಶ್ರುತಿ ನಿಲ್ಲೋದೂ ಕೆಡೋದೂ ಅಲ್ಲೇ, ಅದೊಂದು ಸರಿ ಇದ್ರೆ ಉಳಿದಿದ್ದನ್ನ ಹೆಂಗೋ ಮಾಡ್ಕೋಬೋದು, ಅದು ಕೆಟ್ಟಿದ್ರೆ ಎಷ್ಟು ಸಾವಿರದ ಪಿಕಪ್ ಹಾಕಿದ್ರೂ ದಂಡ.

ನೆಕ್ ನಾವೇ ಮಾಡ್ಬೋದಲ್ವಾ ಅಂದ್ರೆ, ಲೆಕ್ಕ ಏನೋ ಸುಲಭ. ನೆಕ್ ತುದೀಲಿ ತಂತಿ ಕೂರೋ ಪಟ್ಟಿ, ಅಂದ್ರೆ ನಟ್ಟು, ಅಲ್ಲಿಂದ ಬಾಡಿ ಮೇಲಿನ ಬ್ರಿಡ್ಜಿನವರೆಗೆ ಫೆಂಡರ್ ಕಂಪನಿ ಅಳತೆ 25.5 ಇಂಚು, ಅಂದ್ರೆ 648 ಎಂಎಂ. ಅದನ್ನ 17.817ರಿಂದ ಭಾಗಿಸಿದ್ರೆ 36.37 ಎಂಎಂ ಬರುತ್ತೆ, ನಟ್ಟಿಂದ ಅಷ್ಟು ದೂರಕ್ಕೆ ಮೊದಲನೇ ಫ್ರೆಟ್ಟು (ನೆಕ್ ಮೇಲಿನ ಅಡ್ಡ ಲೋಹದ ಕಂಬಿ), ಉಳಿದ ಉದ್ದಾನ ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದ್ರೆ ಎರಡನೇದು, ಹಿಂಗೇ ಹೋದ್ರೆ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲುತ್ತೆ. ಲೆಕ್ಕ ಮುಗೀತು, ಆದ್ರೆ ಕುಯ್ಯೋರು ಯಾರು? ಅರ್ಧ ಎಂಎಂ ಚಿಲ್ಲರೆ ಅಗಲದ ಗೀರನ್ನ ಇಪ್ಪತ್ತಕ್ಕಿಂತ ಜಾಸ್ತಿ ಸಲ ನೆಟ್ಟಗೆ ಕುಯ್ಯೋ ಗರಗಸ ನಮ್ಮ ಕಡೆ ಆಚಾರ್ರ ಹತ್ರ ಇರಲ್ಲ. ಬಾಡಿ ಕಡೆಯ ಫ್ರೆಟ್ಟುಗಳ ಮಧ್ಯೆ ಇರೋದೇ ಹನ್ನೊಂದು ಹನ್ನೆರಡು ಎಂಎಂ, ಅಲ್ಲಿ ಒಂದು ಎಂಎಂ ಆಚೀಚೆ ಆದ್ರೂ ಕಿವಿಗೆ ಗೊತ್ತಾಗುತ್ತೆ. ನೆಕ್ ಬಾಗದ ಹಂಗೆ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸಲಾಕೆ ಬೇರೆ ಕೂರಿಸ್ಬೇಕು. ಅದಕ್ಕೆ ನಾನು ಆ ದಾರಿಗೇ ಹೋಗ್ಲಿಲ್ಲ, ಬಾಡಿ ಹಾಳಾಗಿರೋ ಗಿಟಾರ್ ಹುಡುಕ್ದೆ.

ಇಂಥವು ಆರ್ಕೆಸ್ಟ್ರಾ ಹುಡುಗರ ಹತ್ರ ಸಿಗ್ತವೆ. ಗಣೇಶನ ಹಬ್ಬದ ಸೀಸನ್ನಲ್ಲಿ ಮಳೇಲಿ ನೆಂದು, ಪ್ಲೈವುಡ್ ಬಾಡಿ ಉಬ್ಬಿಕೊಂಡು, ಬ್ರಿಡ್ಜ್ ಸ್ಕ್ರೂ ಕಿತ್ಕೊಂಡು ಬಂದಿರುತ್ತೆ, ಮೂಲೆಗೆ ಎಸೆದಿರ್ತಾರೆ. ನಂಗೆ ಸಾವಿರದ ಐನೂರಕ್ಕೆ ಒಂದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿದು ಸಿಕ್ತು. ತಗೊಳೋ ಮುಂಚೆ ನೋಡಿದ್ದು ಮೂರೇ ವಿಷಯ. ನೆಕ್ಕನ್ನ ಕಣ್ಣಿಗೆ ಹಿಡಿದು ಬಂದೂಕಿಗೆ ಗುರಿ ಇಟ್ಟಂಗೆ ಉದ್ದಕ್ಕೂ ನೋಡೋದು, ತಿರುಚಿಕೊಂಡಿದ್ರೆ ಅಲ್ಲೇ ಬಿಟ್ಟು ಬರೋದು. ಆಮೇಲೆ ಅಲೆನ್ ಕೀ ಹಾಕಿ ಟ್ರಸ್ ರಾಡ್ ತಿರುಗುತ್ತಾ ನೋಡೋದು, ಜಾಮ್ ಆಗಿದ್ರೆ ಬೇಡ. ಕೊನೇದು, ಒಂದು ತಂತೀನ ಮೊದಲನೇ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒತ್ತಿ ಹಿಡಿದು ಏಳನೇ ಫ್ರೆಟ್ ಹತ್ರ ಸಂದು ಎಷ್ಟಿದೆ ನೋಡೋದು. 0.2 ಎಂಎಂ ಆಸುಪಾಸು, ಅಂದ್ರೆ ತೆಳು ವಿಸಿಟಿಂಗ್ ಕಾರ್ಡ್ ತೂರೋಷ್ಟು ಇದ್ರೆ ಸರಿ, ಜಾಸ್ತಿ ಇದ್ರೂ ರಾಡ್ ಕೆಲಸ ಮಾಡ್ತಿದ್ರೆ ಎಳ್ಕೋಬೋದು. ಸವೆದ ಫ್ರೆಟ್ಟು, ತುಕ್ಕು, ಸ್ಟಿಕರು, ಇವ್ಯಾವೂ ಲೆಕ್ಕಕ್ಕಿಲ್ಲ, ಚೌಕಾಸಿಗೆ ಒಳ್ಳೇ ನೆಪ ಅಷ್ಟೇ.

ಹಿಂಗೆ ನೆಕ್ ಬಿಚ್ಚಿ ಇನ್ನೊಂದು ಬಾಡಿಗೆ ಹಾಕೋಕೆ ಆಗೋದೇ ಲಿಯೋ ಫೆಂಡರ್ ಪುಣ್ಯ. ಆಯಪ್ಪ ಮೂಲತಃ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಕೊಂಡಿದ್ದೋನು, ಗಿಟಾರ್ ನುಡಿಸೋಕೆ ಬರ್ತಿರ್ಲಿಲ್ಲ. 1950ರ ಸುಮಾರಿಗೆ ಗಟ್ಟಿ ಹಲಗೆ ಬಾಡಿಗೆ ನಾಲ್ಕು ಸ್ಕ್ರೂ ಹಾಕಿ ನೆಕ್ ಬಿಗಿಯೋ ಗಿಟಾರನ್ನ ಮಾರ್ಕೆಟ್ಟಿಗೆ ಬಿಟ್ಟ. ರಿಪೇರಿ ಮಾಡೋನ ತಲೆ ಅದು, ಕೆಟ್ಟ ಪಾರ್ಟ್ ಬಿಚ್ಚು, ಬೇರೆ ಹಾಕು.

ಇನ್ನು ಮರ. ಹೊಸ ಮರ ತಗೋಬೇಡಿ, ಸಾಮಿಲ್ಲಲ್ಲಿ ಕುಯ್ಸಿದ ಹಸಿ ಹಲಗೆ ಒಣಗ್ತಾ ಒಣಗ್ತಾ ಸೊಟ್ಟಗಾಗುತ್ತೆ. ಹಳೇ ಮನೆ ಕೆಡವಿದ ಬಾಗಿಲು, ಕಿಟಕಿ, ತೊಲೆ ಮಾರೋ ಜಾಗಗಳು ತುಮಕೂರಲ್ಲಿ ಬೇಕಾದಷ್ಟಿವೆ, ಅಲ್ಲಿ ಹುಡುಕಿದ್ರೆ ಹಲಸಿನ ಮರ ಸಿಗುತ್ತೆ. ನಮ್ಮ ಜಿಲ್ಲೇಲಿ ಹಲಸಿಗೇನು ಬರ, ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಅನ್ನೋ ಹಲಸಿನ ತಳಿ ಹಿರೇಹಳ್ಳಿ ತೋಟಗಾರಿಕೆ ಕೇಂದ್ರದವರಿಂದ ದೇಶಕ್ಕೆಲ್ಲಾ ಗೊತ್ತಾಯ್ತು, ಆದ್ರೆ ಎಲ್ರಿಗೂ ತೊಳೆ ಚಿಂತೆ, ಮರದ ಚಿಂತೆ ವೀಣೆ ಮೃದಂಗ ಮಾಡೋರಿಗೆ ಮಾತ್ರ. ನಂಗೆ ಸಿಕ್ಕಿದ್ದು ಒಂದು ತುಂಡು ತೊಲೆ, ಹೊಗೆ ಹಿಡಿದು ಕಪ್ಪಾಗಿತ್ತು, ಉಗುರಲ್ಲಿ ಕೆರೆದ್ರೆ ಒಳಗೆ ಅರಿಶಿನದ ಬಣ್ಣ. ಆರುನೂರು ರೂಪಾಯಿ. ಮನೆಗೆ ತಂದು ಮೊದಲು ಕೆಟ್ಟ ಸ್ಪೀಕರ್ ಒಂದರ ಮ್ಯಾಗ್ನೆಟ್ ತಗೊಂಡು ಇಡೀ ತೊಲೆ ಮೇಲೆ ಆಡಿಸಿ ಎಲ್ಲೆಲ್ಲಿ ಅಂಟ್ಕೊಳುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕ್ದೆ. ಹಳೇ ತೊಲೆ ಅಂದ್ಮೇಲೆ ಮೊಳೆ ಇದ್ದೇ ಇರುತ್ತೆ, ಆಚಾರ್ರ ಪ್ಲೇನರ್ ಬ್ಲೇಡಿಗೆ ಒಂದು ಮೊಳೆ ಸಿಕ್ರೆ ನಮ್ಮ ಸ್ನೇಹ ಅಲ್ಲಿಗೆ ಮುಗೀತು.

ಆಚಾರ್ರಿಗೆ ತೊಲೆ ನೋಡಿ ಖುಷಿ, ಡ್ರಾಯಿಂಗ್ ನೋಡಿ ಬೇಜಾರು. "ವೀಣೆ ಮಾಡೋ ಮರ ಕಣಪ್ಪ ಇದು, ವೀಣೆಗಾದ್ರೆ ಒಳಗೆ ಕೊಡ ಕೊರೀತಾರೆ, ನೀನು ಗಟ್ಟಿ ಹಲಗೇನೇ ಇಟ್ಕೊಂಡ್ರೆ ನಾದ ಎಲ್ಲಿಂದ ಬತ್ತದೆ?" ಅಂದ್ರು. ನಾನು ಪಿಕಪ್ ತೋರ್ಸಿ, ಇಲ್ಲಿ ಮ್ಯಾಗ್ನೆಟ್ ಐತೆ, ಸುತ್ತ ತಾಮ್ರದ ತಂತಿ ಸುತ್ತವ್ರೆ, ಮೇಲೆ ಉಕ್ಕಿನ ತಂತಿ ಅಲ್ಲಾಡಿದ್ರೆ ಇದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ, ಅದನ್ನ ಆಂಪ್ಲಿಫೈಯರ್ ದೊಡ್ಡದು ಮಾಡುತ್ತೆ ಅಂತ ವಿವರಿಸ್ದೆ. ಒಂದು ನಿಮಿಷ ಸುಮ್ನಿದ್ದು, "ಹಂಗಾದ್ರೆ ಮರ ಯಾಕೆ, ಕಬ್ಬಿಣದ ಕಂಬಿಗೆ ತಂತಿ ಕಟ್ಕೊ ಹೋಗು" ಅಂದ್ರು. ಮರದಿಂದ ಟೋನು ಅಂತ ಗಂಟೆಗಟ್ಲೆ ವಾದ ಮಾಡೋರು ಇದಕ್ಕೆ ಏನ್ ಹೇಳ್ತಾರೋ ಗೊತ್ತಿಲ್ಲ. ಮರ ಗಟ್ಟಿಯಾಗಿರ್ಬೇಕು, ಒಣಗಿರ್ಬೇಕು, ಸ್ಕ್ರೂ ಹಿಡೀಬೇಕು, ನನಗೆ ಅಷ್ಟು ಸಾಕು. ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಿಯಾನ್ ಮೇ ತನ್ನ ಅಪ್ಪನ ಜೊತೆ ಸೇರಿ 1963ರಿಂದ ಮಾಡಿದ ರೆಡ್ ಸ್ಪೆಷಲ್ ಗಿಟಾರಿನ ನೆಕ್ಕಿಗೆ ಹಾಕಿದ್ದು ಹಳೇ ಬೆಂಕಿಗೂಡಿನ ಚೌಕಟ್ಟಿನ ಮರ, ಫ್ರೆಟ್‌ಬೋರ್ಡ್ ಚುಕ್ಕಿಗೆ ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು. ಅದೇ ಗಿಟಾರಲ್ಲಿ ಆಯಪ್ಪ ಇಡೀ ಪ್ರಪಂಚ ಸುತ್ತಿದ.

ತೊಲೇನ ಸೀಳಿ, ಎರಡು ತುಂಡು ಪಕ್ಕಪಕ್ಕ ಅಂಟಿಸಿ, 45 ಎಂಎಂ ದಪ್ಪಕ್ಕೆ ಪ್ಲೇನ್ ಮಾಡ್ಸಿದ್ವಿ. ಆಕಾರ ಕುಯ್ಯೋದು ಯಾರ್ ಬೇಕಾದ್ರೂ ಮಾಡ್ತಾರೆ, ಜೀವ ಇರೋದು ನೆಕ್ ಬುಡ ಕೂರೋ ಗುಂಡೀಲಿ, ಅಂದ್ರೆ ನೆಕ್ ಪಾಕೆಟಲ್ಲಿ. ಅಗಲ 56 ಎಂಎಂ, ಆಳ 16 ಎಂಎಂ, ನೆಕ್ಕನ್ನ ಅದರೊಳಗೆ ಇಟ್ಟು ಬಾಡಿ ಎತ್ತಿದ್ರೆ ಸ್ಕ್ರೂ ಇಲ್ಲದೇನೇ ಕಚ್ಕೊಂಡು ಬರ್ಬೇಕು. ಅದಕ್ಕೆ 12 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡಲ್ಲಿ ಮೊದಲು ಅಚ್ಚು ಮಾಡ್ಕೊಂಡು, ನೆಕ್ ಬುಡ ಅದರಲ್ಲಿ ಬಿಗಿಯಾಗಿ ಕೂರೋವರ್ಗೂ ಅರದಲ್ಲಿ ಉಜ್ಜಿ, ಆಮೇಲೆ ಆ ಅಚ್ಚನ್ನ ಬಾಡಿಗೆ ಬಿಗಿದು ಬೇರಿಂಗ್ ಇರೋ ರೌಟರ್ (ಮರ ಕೊರೆಯೋ ಮಿಷಿನ್) ಬಿಟ್ಟಲ್ಲಿ ಸುತ್ತ ಹೊಡೆಸಿದ್ದು. ಈ ಕೆಲಸಕ್ಕೆ ಆಚಾರ್ರಿಗೆ ಐನೂರು ಕೊಟ್ಟೆ, ಇನ್ನೂ ಜಾಸ್ತಿ ಕೊಡ್ಬೇಕಿತ್ತು, ತಗೊಳ್ಲಿಲ್ಲ.

ಬ್ರಿಡ್ಜ್ ಜಾಗ ಗುರುತು ಮಾಡೋಕೆ ನೆಕ್ ಬಿಗಿದು, ನಟ್ಟಿನ ಎರಡೂ ಅಂಚಿಂದ ದಾರ ಎಳೆದು, ದಾರ ನೆಕ್ಕಿನ ಎರಡೂ ಕಡೆ ಸಮನಾಗಿ ಹೋಗೋ ಥರ ಹಿಡಿದು ಮಧ್ಯದ ಗೆರೆ ಹಾಕೊಳ್ಳಿ. ಸಣ್ಣ ತಂತಿಯ ಸ್ಯಾಡಲ್ (ಬ್ರಿಡ್ಜಲ್ಲಿ ತಂತಿ ಕೂರೋ ತುಂಡು) ನಟ್ಟಿಂದ 648ಕ್ಕೆ ಬರ್ಬೇಕು, ದಪ್ಪ ತಂತಿಗಳದ್ದು ಎರಡು ಮೂರು ಎಂಎಂ ಹಿಂದಕ್ಕೆ ಹೋಗೋಕೆ ಜಾಗ ಇರ್ಬೇಕು. ಟ್ರೆಮೊಲೋ, ಅಂದ್ರೆ ಸ್ವರ ಅಲ್ಲಾಡಿಸೋ ಹಿಡಿ ಇರೋ ಬ್ರಿಡ್ಜು, ಬೇಡವೇ ಬೇಡ. ಅಗ್ಗದ ಟ್ರೆಮೊಲೋ ಅಂದ್ರೆ ದಿನಾ ಶ್ರುತಿ ಮಾಡೋ ಕೂಲಿ ಕೆಲಸ. ಅಲ್ಲಾಡದ ಹಾರ್ಡ್‌ಟೇಲ್ ಬ್ರಿಡ್ಜ್ ಆನ್‌ಲೈನಲ್ಲಿ ಆರುನೂರಕ್ಕೆ ಬಂತು, ಐದು ಸ್ಕ್ರೂ, ಕೆಲಸ ಮುಗೀತು.

ಪಿಕಪ್ ನಾನೇ ಸುತ್ತೋಣ ಅಂತ ಫ್ಯಾನ್ ರಿವೈಂಡಿಂಗ್ ಅಂಗಡಿಗೆ ಹೋಗಿ ವಿಚಾರಿಸ್ದೆ. ಅವರ ಹತ್ರ ಸುತ್ತೋ ಮಿಷಿನ್ನೂ ಇದೆ, ಸುತ್ತು ಎಣಿಸೋ ಕೌಂಟರ್ರೂ ಇದೆ, ಆದ್ರೆ ತಂತಿ ದಪ್ಪ, 36 ಗೇಜು. ಪಿಕಪ್ಪಿಗೆ ಬೇಕಾಗೋದು ಹೆಚ್ಚು ಕಮ್ಮಿ 46 ಗೇಜು, 0.06 ಎಂಎಂ, ಕೂದಲಿಗಿಂತ ಸ್ವಲ್ಪ ಆಚೀಚೆ, ಅದನ್ನ ಏಳೆಂಟು ಸಾವಿರ ಸುತ್ತು ಸುತ್ತಬೇಕು. ಅಂಗಡಿಯೋರು ನಕ್ಕು, ಅಷ್ಟು ಸಣ್ಣದು ಉಸಿರು ಬಿಟ್ರೆ ಕಿತ್ತೋಗುತ್ತೆ ಅಂದ್ರು. ಕೇಜಿಗಟ್ಲೆ ರೀಲ್ ತರಿಸಿ ಒಂದು ಪಿಕಪ್ ಸುತ್ತೋದಕ್ಕಿಂತ ಒಂಬೈನೂರಕ್ಕೆ ಒಂದು ಹಂಬಕರ್ ಪಿಕಪ್ ತಗೊಳೋದೇ ಲಾಭ, ತಗೊಂಡೆ. ಹಂಬಕರ್ರೇ ಯಾಕೆ ಅಂದ್ರೆ ನಮ್ಮ ಮನೆಗಳ ವೈರಿಂಗು. ಸಿಂಗಲ್ ಕಾಯಿಲ್ ಹಾಕಿದ್ರೆ ಟ್ಯೂಬ್‌ಲೈಟು, ಮಿಕ್ಸಿ, ಯುಪಿಎಸ್ ಎಲ್ಲದರ 50 ಹರ್ಟ್ಸ್ ಗುಂಯ್ ಅನ್ನೋ ಸದ್ದು ಒಳಗೆ ಬರುತ್ತೆ. ಹಂಬಕರಲ್ಲಿ ಎರಡು ಕಾಯಿಲು, ಸುತ್ತೂ ಉಲ್ಟಾ ಮ್ಯಾಗ್ನೆಟ್ಟೂ ಉಲ್ಟಾ, ಹೊರಗಿಂದ ಬಂದ ಗುಂಯ್ ಒಂದಕ್ಕೊಂದು ಹೊಡೆದಾಡಿ ಸಾಯುತ್ತೆ, ತಂತಿಯ ಸದ್ದು ಮಾತ್ರ ಕೂಡ್ಕೊಳುತ್ತೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಮಾಡಿದ ಐಡಿಯಾ ಇದು.

ವೈರಿಂಗಿಗೆ ಒಂದು ವಾಲ್ಯೂಮು, ಒಂದು ಟೋನು, ಒಂದು ಜಾಕು. ಎಲ್ಲರೂ 500ಕೆ (ಕೆ ಅಂದ್ರೆ ಸಾವಿರ ಓಮ್) ಪಾಟ್, ಅಂದ್ರೆ ತಿರುಗಿಸೋ ರೆಸಿಸ್ಟರ್, ಬೇಕು ಅಂತಾರೆ, ಟೀವಿ ರೇಡಿಯೋ ರಿಪೇರಿ ಅಂಗಡೀಲಿ ಸಿಗೋದು 470ಕೆ, ಕಣ್ಮುಚ್ಕೊಂಡು ಹಾಕಿ, 500 ಅಂತ ಬರೆದಿರೋದೇ ಅಳತೇಲಿ 450 ಇರ್ಬೋದು. ಟೋನಿಗೆ 0.022 ಮೈಕ್ರೋಫ್ಯಾರಡ್, ಮೈಮೇಲೆ 223 ಅಂತ ಬರೆದಿರೋ ಹಸಿರು ಕೆಪಾಸಿಟರ್, ಎರಡು ಮೂರು ರೂಪಾಯಿ. ಇದನ್ನೇ ಹಳೇ ಕಾಲದ್ದು, ಎಣ್ಣೆ ತುಂಬಿದ್ದು ಅಂತ ಸಾವಿರಾರು ರೂಪಾಯಿಗೆ ಮಾರ್ತಾರೆ. ನಂಗೆ ವ್ಯತ್ಯಾಸ ಕೇಳ್ಲಿಲ್ಲ.

ಹೊರಗಿನ ಗುಂಯ್ ತಡೆಯೋ ಶೀಲ್ಡಿಂಗ್ ಮಾತ್ರ ಬಿಡ್ಬೇಡಿ. ಚಪಾತಿ ಸುತ್ತೋ ಅಲ್ಯುಮಿನಿಯಂ ಫಾಯಿಲ್ಲನ್ನ ಫೆವಿಕಾಲಲ್ಲಿ ಪಿಕಪ್, ಪಾಟ್ ಕೂರೋ ಗುಂಡಿಗಳ ಒಳಗೆಲ್ಲಾ ಅಂಟಿಸಿ. ಆದ್ರೆ ಒಂದು ತುಂಡಿಗೂ ಇನ್ನೊಂದಕ್ಕೂ ಮಧ್ಯೆ ಗೋಂದು ಕೂತ್ರೆ ಕನೆಕ್ಷನ್ ಇರಲ್ಲ, ಅಂಚು ಮಡಚಿ ಲೋಹ ಲೋಹಕ್ಕೆ ತಾಗೋ ಥರ ಮಾಡಿ ಮಲ್ಟಿಮೀಟರಲ್ಲಿ ಬೀಪ್ ನೋಡ್ಕೊಳ್ಳಿ. ಅಲ್ಯುಮಿನಿಯಂಗೆ ಸೋಲ್ಡರ್ ಹಿಡಿಯಲ್ಲ, ಗ್ರೌಂಡ್ ವೈರಿಗೆ ಲಗ್ (ತೂತಿರೋ ಲೋಹದ ತುಂಡು) ಇಟ್ಟು ಸ್ಕ್ರೂ ಹೊಡೀಬೇಕು. ಬ್ರಿಡ್ಜ್ ಕೆಳಗಿಂದ ಒಂದು ವೈರ್ ತಂದು ಪಾಟಿನ ಬೆನ್ನಿಗೆ ಸೋಲ್ಡರ್ ಮಾಡಿ ಗ್ರೌಂಡಿಗೆ ಸೇರಿಸಿ.

ಈಗ ದುಡ್ಡೇ ಬೇಡದ, ತಾಳ್ಮೆ ಮಾತ್ರ ಬೇಕಾದ ಕೆಲಸ, ಫ್ರೆಟ್ ಲೆವೆಲಿಂಗ್, ಅಂದ್ರೆ ಎಲ್ಲಾ ಫ್ರೆಟ್ಟನ್ನೂ ಒಂದೇ ಮಟ್ಟಕ್ಕೆ ತರೋದು. ಗ್ರಾನೈಟ್ ಅಂಗಡಿ ಹಿಂದೆ ಪಾಲಿಶ್ ಆದ ಚೂರುಗಳು ಬಿದ್ದಿರ್ತವೆ, ಗೇಣುದ್ದದ್ದು ಒಂದು ಕೇಳಿ ತನ್ನಿ, ಸ್ಟೀಲ್ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದ್ರೆ ಕೆಳಗೆ ಸಂದು ಕಾಣಿಸ್ಬಾರ್ದು. ಅದಕ್ಕೆ 400 ನಂಬರ್ ಎಮರಿ ಪೇಪರ್ ಅಂಟಿಸಿ. ನೆಕ್ ನೆಟ್ಟಗಿರೋ ಹಂಗೆ ರಾಡ್ ತಿರುಗಿಸಿ, ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಪ್ರತಿ ಫ್ರೆಟ್ ತಲೆಗೂ ಮಾರ್ಕರ್ ಬಳಿದು, ಭಾರ ಹಾಕದೆ ಉದ್ದಕ್ಕೂ ಉಜ್ಜಿ. ಎಲ್ಲಾ ತಲೆ ಮೇಲಿನ ಮಸಿ ಹೋದ ಕೂಡ್ಲೇ ನಿಲ್ಲಿಸಿ, ಇನ್ನೊಂದು ಸಲ ಅನ್ನೋ ಆಸೆ ಬೇಡ. ಚಪ್ಪಟೆ ಆದ ತಲೇನ ಮೂರು ಮೂಲೆ ಅರದಿಂದ ಮತ್ತೆ ದುಂಡಗೆ ಮಾಡಿ, 1000, 2000 ಪೇಪರ್ ಹೊಡೆದು, ಕೊನೆಗೆ ದೇವರ ಸಾಮಾನು ತಿಕ್ಕೋ ಬ್ರಾಸೋ. ನಟ್ ಸಂದು ಆಳ ಮಾಡೋಕೆ ಬರೋ ಫಾರಿನ್ ಅರಗಳ ಸೆಟ್ಟು ಇಡೀ ನನ್ನ ಗಿಟಾರಿಗಿಂತ ದುಬಾರಿ, ಗ್ಯಾಸ್ ವೆಲ್ಡಿಂಗ್ ಸಾಮಾನು ಮಾರೋ ಕಡೆ ನಾಝಲ್ ಕ್ಲೀನರ್ ಅಂತ ಸಣ್ಣ ದಪ್ಪ ಕಡ್ಡಿಗಳ ಗೊಂಚಲು ಸಿಗುತ್ತೆ, ಅದೇ ಸಾಕು. ಮೂರನೇ ಫ್ರೆಟ್ಟಲ್ಲಿ ತಂತಿ ಒತ್ತಿದಾಗ ಮೊದಲನೇ ಫ್ರೆಟ್ ಮೇಲೆ ಕೂದಲೆಳೆ ಸಂದು ಉಳೀಬೇಕು. ಆಮೇಲೆ ಸಂದಿಗೆ ಪೆನ್ಸಿಲ್ ಲೆಡ್ ಉಜ್ಜಿದ್ರೆ ತಂತಿ ಕಚ್ಕೊಳಲ್ಲ.

ಪಾಲಿಶ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಅರಗಿನ ಪಾಲಿಶ್ ಬಟ್ಟೇಲಿ ಹಚ್ಚಿದೆ. ಹಲಸು ಬೆಳಕಿಗೆ ದಿನ ಹೋದಂಗೆಲ್ಲಾ ತಾನೇ ಕಂದು ಆಗುತ್ತೆ, ಬಣ್ಣ ಹೊಡೆಯೋದು ಪಾಪ. 9-42 ಅನ್ನೋ ತೆಳು ತಂತಿ ಸೆಟ್ಟು ಹಾಕಿ, 12ನೇ ಫ್ರೆಟ್ ಮೇಲೆ ಒಂದೂವರೆಯಿಂದ ಎರಡು ಎಂಎಂ ಎತ್ತರ ಇಟ್ಟು, 12ರ ಹಾರ್ಮೋನಿಕ್ಕೂ (ಒತ್ತದೆ ಬೆರಳು ತಾಗಿಸಿದ್ರೆ ಬರೋ ಸ್ವರ) ಒತ್ತಿದ ಸ್ವರಾನೂ ಫೋನಿನ ಟ್ಯೂನರಲ್ಲಿ ಒಂದೇ ಬರೋವರ್ಗೂ ಸ್ಯಾಡಲ್ ಆಡಿಸ್ದೆ. ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ.

ಆಂಪ್ಲಿಫೈಯರಿಗೆ ದುಡ್ಡು ಉಳೀಲಿಲ್ಲ, ಮನೇಲಿದ್ದ ಹಳೇ ಹೋಮ್ ಥಿಯೇಟರೇ ಗತಿ. ನೇರ ಚುಚ್ಚಿದ್ರೆ ಕಂಬಳಿ ಹೊದ್ದು ಹಾಡಿದಂಗೆ ಮಂಕಾಗಿ ಕೇಳುತ್ತೆ, ಯಾಕಂದ್ರೆ ಪಿಕಪ್ಪಿಗೆ ಮುಂದೆ ದೊಡ್ಡ ಇಂಪೀಡೆನ್ಸ್ (ಕರೆಂಟಿಗೆ ತಡೆ) ಬೇಕು, ಒಂದು ಮೆಗಾಓಮ್ ಹತ್ರ. ಎಂಜಿನಿಯರಿಂಗ್ ಹುಡುಗರು ಲ್ಯಾಬಲ್ಲಿ ಸುಡೋ ಬಿಎಫ್‌ಡಬ್ಲ್ಯೂ10 ಫೆಟ್ ಟ್ರಾನ್ಸಿಸ್ಟರ್ ಒಂದು, ನಾಲ್ಕು ರೆಸಿಸ್ಟರ್ ಕೆಪಾಸಿಟರ್, 9 ವೋಲ್ಟ್ ಬ್ಯಾಟರಿ ಹಾಕಿ ಮಧ್ಯೆ ಬಫರ್ ಸರ್ಕ್ಯೂಟ್ ಮಾಡಿದ್ರೆ ಗಿಟಾರ್ ಬಾಯಿ ಬಿಡುತ್ತೆ.

ಒಂದು ವಿಷಯದಲ್ಲಿ ಮಾತ್ರ ಜುಗ್ಗತನ ಬೇಡ. ಗಿಟಾರ್ ತಂತಿ ಬ್ರಿಡ್ಜ್ ಮೂಲಕ ಆಂಪಿನ ಗ್ರೌಂಡಿಗೆ ಸೇರಿರುತ್ತೆ, ಅಂದ್ರೆ ಆಂಪಿನ ಮೈಗೆ ಕರೆಂಟ್ ಬಂದ್ರೆ ಅದು ನಿಮ್ಮ ಬೆರಳಿಗೂ ಬರುತ್ತೆ, ಎದುರಿಗೆ ಮೈಕ್ ಇದ್ರೆ ತುಟಿಗೆ ಹೊಡಿಯುತ್ತೆ. ಪೆಂಡಾಲಲ್ಲಿ ಎರಡು ವೈರ್ ಎಳೆದು ಮೂರು ಪಿನ್ನಿನ ಬೋರ್ಡ್ ಹಾಕಿರ್ತಾರೆ, ಅರ್ತ್ ಇರೋದೇ ಇಲ್ಲ. ನುಡಿಸೋಕೆ ಮುಂಚೆ ತಂತಿಗೂ ಮೈಕಿನ ಜಾಲರಿಗೂ ಮಧ್ಯೆ ಮಲ್ಟಿಮೀಟರ್ ಎಸಿ ವೋಲ್ಟಲ್ಲಿ ಇಟ್ಟು ನೋಡಿ, ಏನಾದ್ರೂ ತೋರಿಸಿದ್ರೆ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೀರಿ. ನ್ಯೂಟ್ರಲ್ಲನ್ನೇ ಅರ್ತ್ ಪಿನ್ನಿಗೆ ಜಾಯಿಂಟ್ ಮಾಡಿ ಕೊಡ್ತೀನಿ ಅನ್ನೋ ಮೈಕ್ ಸೆಟ್ಟಿನೋರು ಸಿಗ್ತಾರೆ, ಎಷ್ಟೇ ಅವಸರ ಇದ್ರೂ ಒಪ್ಕೋಬೇಡಿ.