ಅಮ್ಮನ ಜೊತೆ ಎರಡು ದಿನ, ಒಂದೇ ಊರು

ಮೊದಲ ಸಲ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಅನ್ನೋ ಗುಡ್ಡಸೀಮೆಯ ಕಡೆ ಹೋದಾಗ ಬಾಡಿಗೆ ಕಾರಲ್ಲಿ ಒಂದೇ ದಿನ ಐದು ಹಳ್ಳಿ ಸುತ್ತಿದ್ದೆವು. ಪ್ರತಿ ಊರಲ್ಲೂ ಪಾರ್ಕಿಂಗ್ ಹುಡುಕೋದು, ನಾಲ್ಕು ಫೋಟೋ ತೆಗೆಯೋದು, ಮತ್ತೆ ಕಾರು ಹತ್ತೋದು. ಸೋಮವಾರ ಆಫೀಸಿಗೆ ಹೋದಾಗ ಶುಕ್ರವಾರಕ್ಕಿಂತ ಜಾಸ್ತಿ ಸುಸ್ತು. ಅದಕ್ಕೇ 2024ರಲ್ಲಿ ಅಮ್ಮ ಸಾಗರದಿಂದ ಬಂದಿದ್ದಾಗ ಬೇರೆ ಥರ ಮಾಡಿದೆ. ಒಂದೇ ಊರು, ಕಾರಿಲ್ಲ, ನೋಡೋದಕ್ಕೆ ಒಂದೇ ಜಾಗ.

ಅಕ್ಟೋಬರ್ 26, 27ನ್ನು ಬೇಕಂತಲೇ ಆರಿಸಿಕೊಂಡೆ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ರಜೆಗೆ ಒಂದು ಗಂಟೆ ಪುಕ್ಕಟೆ ಸಿಗುತ್ತದಲ್ವಾ! ಎಲೆಗಳ ಬಣ್ಣವೂ ಆಗ ಚೆನ್ನಾಗಿರುತ್ತದೆ. ಆದರೆ ಭಾನುವಾರ ನಾಲ್ಕೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ದೂರದ ನಡಿಗೆ ಏನಿದ್ದರೂ ಶನಿವಾರವೇ ಮುಗಿಸಿಬಿಡಬೇಕು.

ನಾವಿರೋದು ರೆಡಿಂಗ್‌ನಲ್ಲಿ. ಅಲ್ಲಿಂದ ಕಾಟ್ಸ್‌ವೋಲ್ಡ್ಸ್‌ನ ಮೋರ್ಟನ್-ಇನ್-ಮಾರ್ಷ್ ಅನ್ನೋ ಊರಿಗೆ ನೇರ ರೈಲಿದೆ, ಸುಮಾರು ಒಂದೂಕಾಲು ಗಂಟೆ. ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ, ಪುಟ್ಟ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಿದ್ದೆ. ಇದನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ, ಜೊತೆಗೆ ಹಿರಿಯರಿದ್ದರೆ ಅಡುಗೆಮನೆ ಇರಲೇಬೇಕು. ಶುಕ್ರವಾರ ರಾತ್ರಿ ಹೊರಗೆ ಜಿಟಿಜಿಟಿ ಮಳೆ, ಒಳಗೆ ಬಿಸಿ ಅನ್ನ, ಸಾರು.

ಶನಿವಾರ ಬ್ಯಾಟ್ಸ್‌ಫರ್ಡ್ ಆರ್ಬೊರೇಟಂಗೆ, ಅಂದರೆ ಬಗೆಬಗೆಯ ಮರಗಳನ್ನು ಬೆಳೆಸಿರುವ ತೋಟಕ್ಕೆ, ನಡೆದೇ ಹೋದೆವು. ಎರಡೂವರೆ ಕಿಲೋಮೀಟರ್ ಇರಬಹುದು. ದಾರಿ ಇರೋದೇ ಹೊಲಗಳ ನಡುವೆ. "ಯಾರದ್ದೋ ಜಮೀನಲ್ವೇನೇ, ಬೈಯಲ್ವಾ?" ಅಂತ ಅಮ್ಮ ಗೇಟಿನ ಹತ್ತಿರವೇ ನಿಂತುಬಿಟ್ಟರು. ಇಲ್ಲಿ ಸಾರ್ವಜನಿಕ ಕಾಲುದಾರಿ ಅಂತ ಗುರುತಾದ ಕಡೆ ಜಮೀನು ಯಾರದ್ದಾದರೂ ನಡೆಯುವ ಹಕ್ಕು ಎಲ್ಲರಿಗೂ ಇದೆ, ಗೇಟು ಇದ್ದ ಹಾಗೇ ಮುಚ್ಚಿ ಹೋದರೆ ಆಯಿತು ಅಂದೆ. ಆಮೇಲೆ ಪ್ರತಿ ಗೇಟನ್ನೂ ಅವರೇ ಮುಚ್ಚಿ, ಚಿಲಕ ಬಿತ್ತಾ ಅಂತ ಒಮ್ಮೆ ಎಳೆದು ನೋಡಿಯೇ ಮುಂದೆ ಬಂದರು. ಈ ಸೀಮೆಯಲ್ಲಿ ಎಲ್ಲಿ ನೋಡಿದರೂ ಜೇನಿನ ಬಣ್ಣದ ಸುಣ್ಣಕಲ್ಲು. ಹೊಲದ ಗೋಡೆಗಳಿಗೆ ಗಾರೆಯಿಲ್ಲ, ಸುಮ್ನೆ ಕಲ್ಲಿನ ಮೇಲೆ ಕಲ್ಲು ಕೂರಿಸಿರೋದು. ಅಮ್ಮ ಒಂದು ಸಂದಿಗೆ ಬೆರಳು ಹಾಕಿ ನೋಡಿ, "ನಮ್ಮ ತೋಟದ ಪಾಗಾರದ ಹಾಗೇ ಇದೆ ಕಣೇ" ಅಂದರು. ಮಳೆ ಬಂದಿದ್ದರಿಂದ ಕೆಸರು ವಿಪರೀತ. ಅಮ್ಮನಿಗೆ ಕಣಕಾಲು ಮುಚ್ಚುವ ಬೂಟು ಕೊಡಿಸಿದ್ದು ಒಳ್ಳೆಯದಾಯಿತು.

ಬ್ಯಾಟ್ಸ್‌ಫರ್ಡ್‌ನ ಕಥೆ ನನಗೆ ತುಂಬಾ ಇಷ್ಟ. ಆಲ್ಜರ್ನಾನ್ ಫ್ರೀಮನ್-ಮಿಟ್‌ಫರ್ಡ್ ಅನ್ನುವವರು 1860ರ ದಶಕದಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಕೆಲಸದ ಮೇಲೆ ಜಪಾನಿನಲ್ಲಿದ್ದರು. 1886ರಲ್ಲಿ ಈ ಜಮೀನು ಅವರ ಪಾಲಿಗೆ ಬಂತು. ಆಗ ಗುಡ್ಡದ ಇಳಿಜಾರಿನಲ್ಲಿ ಬಿದಿರು, ಮೇಪಲ್ ನೆಟ್ಟು, ಕಂಚಿನ ಬುದ್ಧನನ್ನೂ ಕೂರಿಸಿದರು. ಇಂಗ್ಲೆಂಡಿನ ಮಂಜಿನಲ್ಲಿ ಬುದ್ಧನನ್ನು ಕಂಡು ಅಮ್ಮ ಬೂಟು ಬಿಚ್ಚಲು ಬಗ್ಗಿದರು. ಬೇಡಮ್ಮಾ, ನೆಲ ಥಂಡಿ ಅಂತ ತಡೆದೆ. ನಿಂತಲ್ಲೇ ಕೈಮುಗಿದರು.

ಮೇಪಲ್ ಎಲೆಗಳ ಕೆಂಪು ನೋಡಿ "ಇಷ್ಟು ದಿನ ಎಲ್ಲಿತ್ತು ಇದು?" ಅಂತ ಕೇಳಿದರು. ಹಳದಿ ಬಣ್ಣ ಎಲೆಯೊಳಗೆ ಮೊದಲೇ ಇರುತ್ತದೆ, ಹಸಿರು ಕರಗಿದ ಮೇಲೆ ಕಾಣುತ್ತದೆ. ಕೆಂಪು ಹಾಗಲ್ಲ. ಹಗಲು ಬಿಸಿಲು, ರಾತ್ರಿ ಚಳಿ ಇದ್ದಾಗ ಎಲೆ ಅದನ್ನು ಹೊಸದಾಗಿ ತಯಾರಿಸುತ್ತದೆ. ಇದನ್ನೆಲ್ಲ ಹೇಳುತ್ತಾ ಹೋಗುತ್ತಿದ್ದೆ, ಅಮ್ಮ ತಟ್ಟನೆ ನಿಂತು ಮೂಗರಳಿಸಿದರು. "ಯಾರೋ ಬೆಲ್ಲ ಕಾಯಿಸ್ತಿದಾರೆ." ಸುತ್ತ ಒಂದು ಒಲೆಯೂ ಇಲ್ಲ! ಅದು ಕತ್ಸುರಾ ಮರ. ಹೃದಯದ ಆಕಾರದ ಅದರ ಎಲೆ ಹಳದಿಯಾಗಿ ಉದುರುವಾಗ ಮಾಲ್ಟಾಲ್ ಅನ್ನುವ ವಸ್ತುವಿನಿಂದ ಥೇಟ್ ಪಾಕದ ವಾಸನೆ ಬರುತ್ತದೆ. ಆಲೆಮನೆ ಕಂಡವರಿಗೆ ಬೇರೆ ಹೋಲಿಕೆ ಹೊಳೆಯೋದೇ ಇಲ್ಲ. ಆ ಮರದ ಹತ್ತಿರದ ಬೆಂಚಿನಲ್ಲಿ ಅರ್ಧ ಗಂಟೆ ಕೂತೆವು. ಆ ಎರಡು ದಿನದಲ್ಲಿ ನನಗೆ ಅತೀ ಇಷ್ಟವಾದ ಅರ್ಧ ಗಂಟೆ ಅದು.

ಊಟಕ್ಕೆ ಮಾತ್ರ ತಡವಾಯಿತು. ಊರಿಗೆ ವಾಪಸ್ ಬಂದು ಒಂದು ಪಬ್ಬಿಗೆ ಹೋದಾಗ ಮೂರು ಗಂಟೆ, ಎರಡೂವರೆಗೇ ಅಡುಗೆಮನೆ ಮುಚ್ಚಿದ್ದರು. ಬೆಂಕಿಯ ಪಕ್ಕ ಕೂತು ಟೀ ಕುಡಿದು, ಮನೆಗೆ ಬಂದು ಅವಲಕ್ಕಿ ಕಲಸಿಕೊಂಡೆವು. ಭಾನುವಾರದ ಊಟಕ್ಕೆ ಮಾತ್ರ ಅಲ್ಲಿಂದ ಏಳುವ ಮೊದಲೇ ಟೇಬಲ್ ಹೇಳಿಟ್ಟೆ. ಸಸ್ಯಾಹಾರಿಗಳಿಗೆ ನಟ್ ರೋಸ್ಟ್, ಅಂದರೆ ಗೋಡಂಬಿಯಂಥ ಬೀಜಗಳನ್ನು ಪುಡಿಮಾಡಿ ಬೇಯಿಸಿದ್ದು, ಇತ್ತು. ಗ್ರೇವಿ ಮಾಂಸದ ರಸದ್ದಾ ಅಂತ ಕೇಳಲೇಬೇಕು, ಜೊತೆಗೆ ಕೊಡುವ ಯಾರ್ಕ್‌ಷೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ. ಅಮ್ಮ ಹುರಿದ ಆಲೂಗಡ್ಡೆ, ಬಿಳಿ ಕ್ಯಾರೆಟ್‌ನಂಥ ಪಾರ್ಸ್‌ನಿಪ್‌ಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದರು.

ಬೆಳಕಿರುವಾಗಲೇ ರೈಲು ಹತ್ತಿದೆವು. ಅಮ್ಮ ಕಿಟಕಿ ಪಕ್ಕ ಕೂತು ಚಟ್ನಿಪುಡಿ ಡಬ್ಬಿ ತೆಗೆದರು. ಅದನ್ನು ಯಾವಾಗಲೋ ತೊಳೆದು ಒರೆಸಿ, ಒಳಗೆ ಕತ್ಸುರಾ ಎಲೆ ತುಂಬಿಕೊಂಡಿದ್ದರು. ಮುಚ್ಚಳ ತೆಗೆದು ಮೊದಲು ತಾವು ಮೂಸಿ, ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದರು.