ಹಾಡು ಕೇಳಿದವರು ಕಾಸು ಕೊಡಲು ದಾರಿ ಮಾಡಿಡುವುದು ಹೇಗೆ

ನಮ್ಮದು ಮಂಗಳೂರಿನ ಮೂರು ಜನರ ಸಣ್ಣ ತಂಡ. ನಾನು ಹಾಡು ಬರೆದು ಹಾಡುತ್ತೇನೆ. ಗೆಳತಿ ವಯಲಿನ್ ನುಡಿಸುತ್ತಾಳೆ, ಅವಳ ತಮ್ಮ ಗಿಟಾರ್. ಹಗಲು ಮೂವರಿಗೂ ಬೇರೆ ಕೆಲಸ ಉಂಟು. ಹಿಂದೆ ಯಾವ ಕಂಪನಿಯೂ ಇಲ್ಲ.

ಮೊದಲ ತುಳು ಹಾಡನ್ನು ಯೂಟ್ಯೂಬಿಗೆ ಹಾಕಿದ ಮೂರನೇ ದಿನ ಅಬುಧಾಬಿಯಿಂದ ಒಬ್ಬರು ಬರೆದರು. "ಅಕ್ಕಾ, ಹಾಡು ಕೇಳಿ ಅಮ್ಮನ ನೆನಪಾಯಿತು. ಏನಾದರೂ ಕೊಡಬೇಕು ಅಂತ ಉಂಟು. ಎಲ್ಲಿಗೆ ಕಳಿಸುವುದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವರೂ ಮಾತಾಡಿ, ಯಾರ ಖಾತೆ ಕೊಡುವುದು ಅಂತ ತೀರ್ಮಾನಿಸಿ ಬರೆಯುವಾಗ ಐದು ದಿನ ಆಗಿತ್ತು. ಅವರು ಮತ್ತೆ ಮಾತಾಡಲಿಲ್ಲ. ಹಾಗಾಗಿ ಮೊದಲು ಹೇಳುವುದು ಇದು: ಹಾಡು ಹೊರಗೆ ಬರುವ ಮೊದಲೇ ದಾರಿ ಸಿದ್ಧ ಇರಲಿ. ಕೊಡುವ ಮನಸ್ಸು ಹಾಡು ಮುಗಿದ ಆ ಒಂದೆರಡು ನಿಮಿಷ ಮಾತ್ರ ಬಿಸಿಯಾಗಿರುತ್ತದೆ.

"ಕೇಳುವುದಕ್ಕೆ ನಾಚಿಕೆ ಆಗುತ್ತದೆ" ಅಂತ ತುಂಬ ಜನ ಗೆಳೆಯರು ಹೇಳುತ್ತಾರೆ. ನನಗೂ ಆಗುತ್ತಿತ್ತು. ಆಮೇಲೆ ಕಟೀಲು ಯಕ್ಷಗಾನ ಮೇಳದ ಹರಕೆ ಆಟ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನ, ನೆನಪಾಯಿತು. ಖರ್ಚು ಒಂದು ಮನೆಯವರದ್ದು, ನೋಡುವುದು ಇಡೀ ಊರು. ಟಿಕೆಟ್ ಇಲ್ಲ, ಗೇಟ್ ಇಲ್ಲ. ಆಟ ಆಡಿಸಲು ಜನ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುತ್ತಾರೆ. ಕೊಡಬಲ್ಲವರು ಕೊಟ್ಟು, ಎಲ್ಲರೂ ಕೇಳುವುದು ನಮ್ಮ ಕರಾವಳಿಗೆ ಹೊಸತಲ್ಲ. ನಾವೂ ಹಾಗೇ ಮಾಡಿದೆವು. ಹಾಡು ಎಲ್ಲರಿಗೂ ಬಿಟ್ಟದ್ದು. ಕಾಸು ಕೊಟ್ಟವರಿಗೆ ಮಾತ್ರ ಕೇಳಿಸುವ ಹಾಡು ಒಂದೂ ಇಲ್ಲ.

ಈಗ ಕೆಲಸಕ್ಕೆ ಬರುತ್ತೇನೆ. ಊರಿನವರಿಗೆ ಯುಪಿಐ ಸಾಕು. ನೂರು ಕಳಿಸಿದರೆ ನೂರೂ ಬರುತ್ತದೆ, ನಡುವೆ ಯಾರೂ ಪಾಲು ಹಿಡಿಯುವುದಿಲ್ಲ. ವಿಡಿಯೋ ನೋಡುತ್ತಲೇ ಹಣ ಕೊಡುವ ಯೂಟ್ಯೂಬಿನ ಸೂಪರ್ ಥ್ಯಾಂಕ್ಸ್‌ನಲ್ಲಾದರೆ ನೂರಕ್ಕೆ 30 ಅವರಿಗೆ ಹೋಗುತ್ತದೆ.

ಸಂಗೀತಕ್ಕೆ ಅಂತಲೇ ಬೇರೆ ಉಳಿತಾಯ ಖಾತೆ ತೆರೆಯಿರಿ. ಸಂಬಳದ ಖಾತೆಗೆ ಬಂದರೆ ಯಾವುದು ಹಾಡಿನ ದುಡ್ಡು, ಯಾವುದು ಮೀನಿನ ದುಡ್ಡು ಅಂತ ಮುಂದೆ ಗೊತ್ತಾಗುವುದಿಲ್ಲ. ಜಾಸ್ತಿ ಬರಲು ಶುರುವಾದರೆ ಅಂಗಡಿಯವರಂತೆ ವ್ಯಾಪಾರದ ಕ್ಯೂಆರ್ ಮಾಡಿಸಿಕೊಳ್ಳಿ.

ಯುಪಿಐ ಐಡಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಇರಬಾರದು. ಕೆಲವು ಆ್ಯಪ್‌ಗಳು ತಾವಾಗಿಯೇ ನಂಬರ್ ಸೇರಿಸಿ ಐಡಿ ಮಾಡುತ್ತವೆ. ನಾನು ಗಮನಿಸದೆ ಅದನ್ನೇ ಹಾಕಿದೆ. ಒಂದು ವಾರ ರಾತ್ರಿ ಹನ್ನೊಂದರ ಮೇಲೆ ಗುರುತಿಲ್ಲದವರ ಫೋನ್ ಬಂತು. ಬೇಸರವಾಗಿ ಹಾಡನ್ನೇ ತೆಗೆದುಬಿಡೋಣ ಅನಿಸಿತ್ತು. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ತಂಡದ ಹೆಸರಿನ ಐಡಿ ಮಾಡಿಕೊಳ್ಳಿ, ಎರಡು ನಿಮಿಷದ ಕೆಲಸ. ಹೆಣ್ಣುಮಕ್ಕಳು ಇದನ್ನು ಮೊದಲ ದಿನವೇ ಮಾಡಿ, ದಯವಿಟ್ಟು.

ಇನ್ನೊಂದು, ಸ್ಕ್ಯಾನ್ ಮಾಡಿದಾಗ ತೋರುವುದು ಬ್ಯಾಂಕಿನಲ್ಲಿರುವ ಹೆಸರು. ತಂಡದ ಹೆಸರಲ್ಲ. ನನ್ನ ಬ್ಯಾಂಕ್ ಹೆಸರಿನಲ್ಲಿ ಅಪ್ಪನ ಹೆಸರೂ ಸೇರಿ ಉದ್ದ ಉಂಟು. ಒಂದು ಸಂಜೆಯ ಕಾರ್ಯಕ್ರಮದಲ್ಲಿ ಒಬ್ಬರು ಹಿರಿಯರು ಸ್ಕ್ಯಾನ್ ಮಾಡಿ, ಹೆಸರು ನೋಡಿ, "ಇದು ಯಾರದ್ದು ಮಾರಾಯ್ರೇ?" ಅಂತ ಫೋನ್ ಒಳಗೆ ಇಟ್ಟರು. ಅವರು ಮಾಡಿದ್ದು ಸರಿ. ಮೋಸ ಅಷ್ಟು ಹೆಚ್ಚಾಗಿದೆ. ಅವತ್ತಿನಿಂದ ಕ್ಯೂಆರ್ ಕೆಳಗೆ ಒಂದು ಸಾಲು ಬರೆದಿದ್ದೇವೆ: "ಸ್ಕ್ಯಾನ್ ಮಾಡಿದಾಗ ಈ ಹೆಸರು ಬರುತ್ತದೆ, ಇದು ನಮ್ಮ ಹಾಡುಗಾರ್ತಿಯದ್ದು." ಮತ್ತೆ ಯಾರೂ ಕೇಳಲಿಲ್ಲ.

ವಿಡಿಯೋದ ಕೊನೆಗೆ ಕ್ಯೂಆರ್ ಹಾಕಿ ಸುಮ್ನೆ ಬಿಡಬೇಡಿ. ಹೆಚ್ಚಿನವರು ಹಾಡು ಕೇಳುವುದು ಫೋನ್‌ನಲ್ಲಿ. ಅದೇ ಫೋನ್‌ನಲ್ಲಿ ಕಾಣುವ ಕ್ಯೂಆರ್‌ಗೆ ಅದೇ ಫೋನಿನ ಕ್ಯಾಮೆರಾ ಹಿಡಿಯಲು ಆಗುವುದಿಲ್ಲ, ಅಲ್ವಾ? ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಿಂದ ಸ್ಕ್ಯಾನ್ ಮಾಡಬಹುದು, ಆದರೆ ಅಷ್ಟು ಕಷ್ಟ ಪಡುವವರು ಕಡಿಮೆ. ವಿವರಣೆಯ ಮೊದಲ ಸಾಲಿನಲ್ಲೇ ಐಡಿ ಬರೆಯಿರಿ, ಒತ್ತಿ ಹಿಡಿದು ಕಾಪಿ ಮಾಡುವ ಹಾಗೆ. ಮೊದಲ ಸಾಲೇ ಯಾಕೆಂದರೆ ಕೆಳಗಿನದ್ದು ಮಡಚಿಕೊಂಡಿರುತ್ತದೆ. ಮೊದಲ ಕಾಮೆಂಟಾಗಿಯೂ ಅದನ್ನೇ ಹಾಕಿ ಪಿನ್ ಮಾಡಿ. ಟೀವಿಯಲ್ಲಿ ನೋಡುವವರಿಗೆ ಕ್ಯೂಆರ್ ಇರಲಿ.

ವೇದಿಕೆಯಲ್ಲಿ ಕೊನೆಯ ಹಾಡಿನ ನಂತರ ಕೇಳಿದರೆ ಪ್ರಯೋಜನವಿಲ್ಲ. ಜನ ಬಸ್ಸಿಗೆ ಏಳುತ್ತಾರೆ. ಕೊನೆಯ ಹಾಡಿಗೆ ಮೊದಲು ಹೇಳಿ, ಎರಡೇ ವಾಕ್ಯ. ಕ್ಯೂಆರ್ ಹಲಗೆಯನ್ನು ವೇದಿಕೆ ಪಕ್ಕ ಇಡುವುದಕ್ಕಿಂತ ಚಪ್ಪಲಿ ಬಿಟ್ಟ ಜಾಗದ ಹತ್ತಿರ ಇಡಿ.

ಏನು ಬರೆಯಬೇಕು ಅನ್ನುವುದಕ್ಕೆ ನಾವು ಜಾಸ್ತಿ ಸಮಯ ಕೊಟ್ಟೆವು. "ನಮ್ಮನ್ನು ಬೆಂಬಲಿಸಿ" ಅಂದರೆ ಯಾರಿಗೂ ಏನೂ ಕಾಣುವುದಿಲ್ಲ. ಲೆಕ್ಕ ಬರೆದರೆ ಕಾಣುತ್ತದೆ. ನಮ್ಮ ಎರಡನೇ ಹಾಡಿನ ಕೆಳಗೆ ಇದ್ದದ್ದು ಹೀಗೆ: "ಈ ಹಾಡಿಗೆ ಖರ್ಚು 18,500 ರೂಪಾಯಿ. ಸ್ಟುಡಿಯೋ 8,000, ಮಿಕ್ಸಿಂಗ್ 6,000, ಕೊಳಲು ನುಡಿಸಿದವರಿಗೆ 3,000, ಓಡಾಟ 1,500. ಹಾಡು ಇಷ್ಟವಾದರೆ 50, 100 ಅಥವಾ 250 ಕಳಿಸಿ. ಆಗದಿದ್ದರೆ ಮನೆಯವರಿಗೆ ಒಮ್ಮೆ ಕೇಳಿಸಿ, ಅದೂ ನಮಗೆ ಬೇಕು." ನಾಲ್ಕು ತಿಂಗಳಲ್ಲಿ 63 ಜನರಿಂದ 11,200 ಬಂತು. ಪೂರ್ತಿ ಖರ್ಚು ಹುಟ್ಟಲಿಲ್ಲ. ಆದರೆ ಮೂರನೇ ಹಾಡಿಗೆ ಸ್ಟುಡಿಯೋ ಮುಂಗಡ ಕೊಡಲು ಯಾರೂ ಸಾಲ ಮಾಡಬೇಕಾಗಲಿಲ್ಲ. 50 ರೂಪಾಯಿಯನ್ನು ಪಟ್ಟಿಯಲ್ಲಿ ಬರೆಯಲೇಬೇಕು. ಕಾಲೇಜಿನ ಮಕ್ಕಳು ಅದನ್ನು ನೋಡಿ ಧೈರ್ಯ ಮಾಡುತ್ತಾರೆ.

ಹಣದ ಜೊತೆ ಟಿಪ್ಪಣಿಯಲ್ಲಿ ಹಾಡಿನ ಹೆಸರು ಬರೆಯಲು ಹೇಳಿ. ಎರಡು ದಿನದೊಳಗೆ ಥ್ಯಾಂಕ್ಸ್ ಹೇಳಿ. ನಾವು ಕೊಟ್ಟವರ ಹೆಸರನ್ನು ಮುಂದಿನ ವಿಡಿಯೋದಲ್ಲಿ ಹಾಕುತ್ತೇವೆ, ಅವರನ್ನು ಕೇಳಿದ ಮೇಲೆ ಮಾತ್ರ. ಎಷ್ಟು ಕೊಟ್ಟರು ಅಂತ ಹಾಕುವುದಿಲ್ಲ.

ಮೋಸದ ಬಗ್ಗೆ ಎರಡು ಮಾತು. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಇಲ್ಲ, ಯಾರಾದರೂ ಒತ್ತಲು ಹೇಳಿದರೆ ಫೋನ್ ಇಡಿ. "ತಪ್ಪಿ 5,000 ಕಳಿಸಿದೆ, 4,500 ವಾಪಸ್ ಹಾಕಿ" ಅಂತ ಸ್ಕ್ರೀನ್‌ಶಾಟ್ ಬಂದರೆ ಮೊದಲು ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ.

ಇನ್ನು ಹೊರದೇಶ. ನಮ್ಮ ಊರಿನ ಹಾಡು ಕೇಳುವವರಲ್ಲಿ ಗಲ್ಫಿನವರು ಎಷ್ಟು ಜನ! ಅವರಲ್ಲಿ ಹಲವರಿಗೆ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ, ಅಂದರೆ ಹೊರದೇಶದಲ್ಲಿರುವ ಭಾರತೀಯರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ, ಇರುತ್ತದೆ. ಆ ಖಾತೆಗೆ ಹೊರದೇಶದ ಮೊಬೈಲ್ ನಂಬರ್ ಇದ್ದರೂ ಯುಪಿಐ ಬಳಸಲು 2023ರ ಜನವರಿಯಲ್ಲಿ ಯುಪಿಐ ನಡೆಸುವ ಎನ್‌ಪಿಸಿಐ ಒಪ್ಪಿತು. ಮೊದಲ ಪಟ್ಟಿಯಲ್ಲಿ 10 ದೇಶ. ಯುಎಇ, ಸೌದಿ, ಒಮಾನ್, ಕತಾರ್ ಅದರಲ್ಲಿ ಇದ್ದವು, ಕುವೈತ್ ಇರಲಿಲ್ಲ. ಅಬುಧಾಬಿಯ ಆ ಕೇಳುಗರಿಗೆ ನಾನು ಮೊದಲೇ ಇದನ್ನು ಹೇಳಬಹುದಿತ್ತು. ಈಗ ವಿವರಣೆಯಲ್ಲಿ ಬರೆದಿದ್ದೇವೆ: "ಗಲ್ಫಿನಲ್ಲಿರುವವರೇ, ನಿಮ್ಮ ಎನ್‌ಆರ್‌ಇ ಖಾತೆಗೆ ಯುಪಿಐ ಉಂಟಾ ಅಂತ ಬ್ಯಾಂಕಿನಲ್ಲಿ ಒಮ್ಮೆ ಕೇಳಿ."

ಖಾತೆ ಇಲ್ಲದವರಿಗೆ ಬ್ಯಾಂಡ್‌ಕ್ಯಾಂಪ್ ಒಳ್ಳೆಯದು. ಹಾಡುಗಾರರು ಕೇಳುಗರಿಗೆ ನೇರ ಹಾಡು ಮಾರುವ, 2008ರಿಂದ ಇರುವ ತಾಣ. ಹಾಡಿಗೆ ನೀವು ಕನಿಷ್ಠ ಬೆಲೆ ಇಡಬಹುದು, ಅದು ಸೊನ್ನೆಯೂ ಆಗಬಹುದು. ಕೇಳುಗರು ಇಷ್ಟವಿದ್ದರೆ ಅದಕ್ಕಿಂತ ಹೆಚ್ಚು ಕೊಡಬಹುದು. ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಅವರದ್ದು, ಹಣ ಸಾಗಿಸುವವರ ಶುಲ್ಕ ಬೇರೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಲ್ಲಿ ತಮ್ಮ ಪಾಲು ಬಿಟ್ಟುಕೊಡುತ್ತಾರೆ. ಹೊಸ ಹಾಡನ್ನು ಅಂಥ ಶುಕ್ರವಾರ ನೋಡಿ ಬಿಡಿ. ನಿಮ್ಮ ಪಾಲು ಪೇಪಾಲ್‌ಗೆ, ಅಂದರೆ ದೇಶದಿಂದ ದೇಶಕ್ಕೆ ಹಣ ಸಾಗಿಸುವ ತಾಣಕ್ಕೆ, ಬರುತ್ತದೆ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್‌ನಿಂದ ನಿಲ್ಲಿಸಿದೆ, ಹೊರಗಿನಿಂದ ಬರುವ ಹಣಕ್ಕೆ ತೊಂದರೆ ಇಲ್ಲ. ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ ಎರಡೂ ಸಿದ್ಧ ಇಟ್ಟುಕೊಳ್ಳಿ. ವಿದೇಶಿ ಪಾಸ್‌ಪೋರ್ಟ್ ಇರುವವರಿಂದ ದೇಣಿಗೆ ಅಂತ ತೆಗೆದುಕೊಳ್ಳಬೇಡಿ, ಹಾಡು ಮಾರಿ. ವಿದೇಶಿ ದೇಣಿಗೆಗೆ 2010ರ ಕಾಯ್ದೆ ಬೇರೆಯೇ ಉಂಟು.

ಬಂದ ಹಣ ಆದಾಯವೇ. ತಿಂಗಳಿಗೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಿಟರ್ನ್ಸ್ ಹಾಕುವಾಗ ನಿಮ್ಮ ಅಕೌಂಟೆಂಟರಿಗೆ ಆ ಪುಸ್ತಕವನ್ನೇ ಕೊಡಿ.

ಕೊನೆಗೆ ಪಾಲು. ಇದನ್ನು ಹಣ ಬರುವ ಮೊದಲು ಕಾಗದದಲ್ಲಿ ಬರೆಯಿರಿ, ಎಷ್ಟೇ ಗೆಳೆಯರಾದರೂ. ಬೇರೆಯವರ ಸಿನಿಮಾ ಹಾಡನ್ನು ಹಾಡಿ ಅದಕ್ಕೆ ಕಾಸು ಕೇಳುವುದು ಸರಿಯಲ್ಲ, ನಿಮ್ಮದೇ ಹಾಡಿಗೆ ಕೇಳಿ. ಜನಪದದಿಂದ ತೆಗೆದುಕೊಂಡಿದ್ದರೆ ಯಾರಿಂದ ಕಲಿತಿರೋ ಅವರನ್ನು ಮರೆಯಬೇಡಿ. ನಮ್ಮ ಮೂರನೇ ಹಾಡಿನ ಪಲ್ಲವಿ ಕಾರ್ಕಳ ಕಡೆಯ ಒಬ್ಬರು ಅಜ್ಜಿ ಹೇಳಿಕೊಟ್ಟದ್ದು. ನೇಜಿ (ಭತ್ತದ ಸಸಿ) ನೆಡುವಾಗ ಗದ್ದೆಯಲ್ಲಿ ಹಾಡುತ್ತಿದ್ದ ಕಬಿತ, ತುಳುವಿನ ಗದ್ದೆ ಹಾಡು. ನಾವು ಸೇರಿಸಿದ್ದು ಎರಡು ಚರಣ ಮತ್ತು ವಯಲಿನ್. ಕಾನೂನಿನಲ್ಲಿ ಅಜ್ಜಿಗೆ ಏನು ಸಲ್ಲುತ್ತದೆ ಅಂತ ನಾವು ಹುಡುಕಲು ಹೋಗಲಿಲ್ಲ. ನಾವು ಮೂವರಾದರೂ ಆ ಹಾಡಿನ ಹಣಕ್ಕೆ ನಾಲ್ಕು ಪಾಲು ಮಾಡಿದೆವು, ಒಂದು ಅಜ್ಜಿಗೆ. ಹಾಡಿನ ಕೆಳಗೆ ಅದನ್ನು ಬರೆದ ಮೇಲೆ ಕೊಡುವವರೂ ಟಿಪ್ಪಣಿಯಲ್ಲಿ "ಅಜ್ಜಿಗೆ" ಅಂತ ಬರೆಯತೊಡಗಿದರು. ಅಂಥದ್ದು ಬಂದರೆ ಪೂರ್ತಿ ಅವರಿಗೇ.

ಅಜ್ಜಿ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಹಾಗಾಗಿ ನಗದು ಕೊಂಡೊಯ್ಯುತ್ತೇನೆ, ಯಾರು ಕೊಟ್ಟರು ಅಂತ ಒಂದು ಚೀಟಿಯೂ. ಅವರು ಎಣಿಸುವ ಮೊದಲು ಚೀಟಿ ಓದಿಸಿಕೊಳ್ಳುತ್ತಾರೆ. "ಮಸ್ಕತ್ ಅಂದರೆ ಎಷ್ಟು ದೂರ?" ಅಂತ ಕೇಳುತ್ತಾರೆ. ಈ ತಿಂಗಳು ಒಟ್ಟು ಬಂದದ್ದು 4,560. ಅವರ ಪಾಲು 1,140. ಭಾನುವಾರ ಬೆಳಗ್ಗಿನ ಕಾರ್ಕಳ ಬಸ್ಸಿಗೆ ಹೊರಡುತ್ತೇನೆ.